ಸೂಜಿಯೆಲೆ ಉದುರದ ಮರಗಳು: ಸರೋವರದಲ್ಲಿ ಮುಳುಗಿದ ರೌಸ್ ಸಿಮ್ಮನ್ಸ್ ಹಡಗು

1971ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಲ್ವಾಕಿ ನಗರದ ಮುಳುಗುಗಾರ ಗಾರ್ಡನ್ ಕೆಂಟ್ ಬೆಲ್‌ರಿಚರ್ಡ್ ಅವರು ಮಿಷಿಗನ್ ಸರೋವರದ ತಳದಲ್ಲಿ ಯಾವುದೋ ಒಂದು ಹಳೆಯ ಉಗಿಹಡಗನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ಬೇರೆಯದು. ಸುಮಾರು 170 ಅಡಿ ಆಳದಲ್ಲಿ, ಕತ್ತಲಿನಲ್ಲಿ, ಒಂದು ಮರದ ಹಾಯಿಹಡಗು ತಳಕ್ಕೆ ಕೂರಿಸಿಟ್ಟಂತೆ ನೆಟ್ಟಗೆ ಕೂತಿತ್ತು. ಅದರ ಒಡಲಿನೊಳಗೆ ಕ್ರಿಸ್‌ಮಸ್ ಮರಗಳಿದ್ದವು, ಒಂದರ ಪಕ್ಕ ಒಂದು ಒತ್ತಿ ಜೋಡಿಸಿದ್ದು ಹಾಗೆಯೇ. ಕೆಲವು ಮರಗಳ ಕೊಂಬೆಗೆ ಸೂಜಿಯಂಥ ಎಲೆಗಳು ಇನ್ನೂ ಅಂಟಿಕೊಂಡಿದ್ದವು. ಆ ಮರಗಳನ್ನು ಕಡಿದದ್ದು 1912ರಲ್ಲಿ. ಮನೆಯ ಮೂಲೆಯಲ್ಲಿ ಇಟ್ಟರೆ ಒಂದು ತಿಂಗಳಲ್ಲಿ ಎಲೆ ಉದುರಿಸಿಕೊಂಡು ಬೋಳಾಗುವ ಮರ, ಸರೋವರದ ತಳದಲ್ಲಿ 59 ವರ್ಷ ಎಲೆ ಹಿಡಿದುಕೊಂಡಿತ್ತು.

ಈ ಹಡಗಿನ ಹೆಸರು ರೌಸ್ ಸಿಮ್ಮನ್ಸ್. ಇದರ ಕಥೆಯನ್ನು ಮೊದಲ ಸಲ ಓದಿದಾಗ ನನ್ನ ತಲೆಯಲ್ಲಿ ಎರಡು ಪ್ರಶ್ನೆಗಳು ಕೂತವು. ದಡ ಐದಾರು ಮೈಲಿ ದೂರದಲ್ಲಿ ಕಾಣುತ್ತಿರುವಾಗ ಒಂದು ಹಡಗು ಸರೋವರದಲ್ಲಿ ಮುಳುಗುವುದು ಹೇಗೆ? ಮುಳುಗಿದ ಮೇಲೆ ಅದು ಇಷ್ಟು ಕಾಲ ಕೊಳೆಯದೆ ಉಳಿಯುವುದು ಹೇಗೆ? ಎರಡಕ್ಕೂ ಬೇರೆ ಬೇರೆ ಉತ್ತರ ಇರಬೇಕೆಂದು ನಾನು ಭಾವಿಸಿದ್ದೆ. ಆದರೆ ಓದುತ್ತಾ ಹೋದಂತೆ ಎರಡೂ ದಾರಿಗಳು ಒಂದೇ ಕಡೆ ಬಂದು ಸೇರಿದವು. ಆ ಹಡಗನ್ನು ಮುಳುಗಿಸಿದ್ದರಲ್ಲೂ, ಉಳಿಸಿದ್ದರಲ್ಲೂ ಸರೋವರದ ನೀರು ಸಿಹಿಯಾಗಿರುವುದು ಮತ್ತು ಕೊರೆಯುವಷ್ಟು ತಣ್ಣಗಿರುವುದು ದೊಡ್ಡ ಪಾಲು ಪಡೆದಿದೆ.

ಮೊದಲು ಸರೋವರದ ಅಳತೆಯನ್ನು ಹೇಳಿಬಿಡಬೇಕು, ಏಕೆಂದರೆ ಸರೋವರ ಎಂದ ಕೂಡಲೆ ನಮ್ಮ ಕಣ್ಣಿಗೆ ಬರುವುದು ಏರಿ, ತೂಬು, ಆಚೆ ದಡದ ತೆಂಗಿನ ತೋಟ. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಹತ್ತರಲ್ಲಿ ಮೂರು ಪಾಲು ನೆಲದ ಮೇಲೆ ನೀರು ನಿಂತಂತೆ. ಉದ್ದ 490 ಕಿಲೋಮೀಟರಿಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ದೂರ. ಅತಿ ಆಳದ ಜಾಗದಲ್ಲಿ 281 ಮೀಟರ್. ನಡುವೆ ನಿಂತರೆ ಯಾವ ದಡವೂ ಕಾಣುವುದಿಲ್ಲ. ಉತ್ತರ ಅಮೆರಿಕದಲ್ಲಿ ಇಂಥವು ಐದು ಒಟ್ಟಿಗೆ ಇವೆ, ಅವುಗಳಲ್ಲಿ ಇದೊಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸರೋವರಗಳೇ ಹೆದ್ದಾರಿ. ಉತ್ತರದ ಕಾಡುಗಳ ದಿಮ್ಮಿ, ಗೋಧಿ, ಅದಿರು ಎಲ್ಲವೂ ನೀರಿನ ಮೇಲೆ ಷಿಕಾಗೋಗೆ ಹೋಗುತ್ತಿದ್ದವು. ಸಾವಿರದ ಎಂಟುನೂರ ಅರವತ್ತು ಎಪ್ಪತ್ತರ ದಶಕಗಳಲ್ಲಿ ಹದಿನೆಂಟು ನೂರಕ್ಕೂ ಹೆಚ್ಚು ಹಾಯಿಹಡಗುಗಳು ಇಲ್ಲಿ ಓಡಾಡುತ್ತಿದ್ದವು. ಅವುಗಳಲ್ಲಿ ಬಹುಪಾಲು ಸ್ಕೂನರ್ ಎಂಬ ಜಾತಿಯವು: ಹಾಯಿಗಳು ಹಡಗಿಗೆ ಅಡ್ಡವಾಗಿ ಇರದೆ ಉದ್ದಕ್ಕೂ ಕಟ್ಟಿರುತ್ತವೆ, ಆದ್ದರಿಂದ ಕಡಿಮೆ ಆಳುಗಳು ಸಾಕು. ಬಂದರುಗಳ ಬಾಯಿ ಆಳವಿಲ್ಲದ ಕಾರಣ ಹಡಗಿನ ಒಡಲನ್ನೂ ಆಳ ಕಡಿಮೆ, ಅಗಲ ಹೆಚ್ಚು ಇರುವಂತೆ ಕಟ್ಟುತ್ತಿದ್ದರು. ನಡುನೀರಿನಲ್ಲಿ ಗಾಳಿ ಪಕ್ಕಕ್ಕೆ ತಳ್ಳದಿರಲೆಂದು ತಳದಿಂದ ಒಂದು ದಪ್ಪ ಹಲಗೆಯನ್ನು ಕೆಳಗಿಳಿಸಿ, ಬಂದರಿಗೆ ಬರುವಾಗ ಮೇಲಕ್ಕೆ ಎಳೆದುಕೊಳ್ಳುವ ಏರ್ಪಾಟು ಇರುತ್ತಿತ್ತು. ಜಾಣತನದ ವಿನ್ಯಾಸ, ಆದರೆ ದಿಮ್ಮಿ ಸಾಗಿಸುವುದಕ್ಕೆ ಮಾಡಿದ್ದು, ಚಳಿಗಾಲದ ಬಿರುಗಾಳಿಗೆ ಮಾಡಿದ್ದಲ್ಲ.

ರೌಸ್ ಸಿಮ್ಮನ್ಸ್ ಹುಟ್ಟಿದ್ದು 1868ರಲ್ಲಿ, ಮಿಲ್ವಾಕಿಯಲ್ಲಿ. ಮೂರು ಹಾಯಿಕಂಬ, ಉದ್ದ 123.5 ಅಡಿ. ಬಹಳ ವರ್ಷ ದಿಮ್ಮಿ ಹೊತ್ತಿತು. 1912ರ ಹೊತ್ತಿಗೆ ಅದಕ್ಕೆ 44 ವರ್ಷ. ರೈಲೂ ಉಗಿಹಡಗೂ ಸರಕನ್ನೆಲ್ಲ ಎತ್ತಿಕೊಂಡಿದ್ದವು; ಉಳಿದ ಹಾಯಿಹಡಗುಗಳಿಗೆ ಬೇರೆ ಯಾರೂ ಮುಟ್ಟದ ಅಗ್ಗದ ಸರಕು ಸಾಗಿಸುವ ಕೆಲಸ ಮಾತ್ರ ಸಿಗುತ್ತಿತ್ತು. ಹಾಗೆ ಸಿಕ್ಕ ಕೆಲಸಗಳಲ್ಲಿ ಕ್ರಿಸ್‌ಮಸ್ ಮರದ್ದೂ ಒಂದು. ಷಿಕಾಗೋದಲ್ಲಿ ಜರ್ಮನ್ ಮೂಲದವರು ಬಹಳ ಇದ್ದರು, ಹಬ್ಬಕ್ಕೆ ಮನೆಯೊಳಗೆ ಹಸಿರು ಮರ ತಂದಿಡುವುದು ಅವರ ಪದ್ಧತಿ. ಉತ್ತರ ಮಿಷಿಗನ್ನಿನಲ್ಲಿ ಸ್ಪ್ರೂಸ್ ಮತ್ತು ಫರ್ ಮರಗಳಿಗೆ ಬರವಿರಲಿಲ್ಲ. ಕಡಿದು, ಹೇರಿ, ಷಿಕಾಗೋದ ಕ್ಲಾರ್ಕ್ ಸ್ಟ್ರೀಟ್ ಸೇತುವೆಯ ಬಳಿ ಹಡಗು ಕಟ್ಟಿ, ಹಡಗಿನ ಮೇಲಿಂದಲೇ ಮಾರಿದರೆ ದಲ್ಲಾಳಿಯ ಪಾಲು ಉಳಿಯುತ್ತಿತ್ತು.

ಇದನ್ನು ವರ್ಷ ವರ್ಷವೂ ಮಾಡುತ್ತಿದ್ದವರು ಹರ್ಮನ್ ಶೂನೆಮನ್. ಷಿಕಾಗೋ ಜನ ಅವರನ್ನು ಪ್ರೀತಿಯಿಂದ ಸಾಂತಾ ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಕೊಳ್ಳಲಾಗದ ಮನೆಗಳಿಗೆ ಅವರು ಮರವನ್ನು ಸುಮ್ಮನೆ ಕೊಡುತ್ತಿದ್ದರು. ಹಾಗೆಂದು ಅವರೇನೂ ಸ್ಥಿತಿವಂತರಲ್ಲ. 1907ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿದ್ದರು. ರೌಸ್ ಸಿಮ್ಮನ್ಸ್‌ನಲ್ಲಿ ಅವರಿಗೆ ಇದ್ದದ್ದು ಎಂಟನೇ ಒಂದು ಪಾಲು. ಅವರ ಅಣ್ಣ ಆಗಸ್ಟ್ ಕೂಡ ಇದೇ ವ್ಯಾಪಾರದಲ್ಲಿದ್ದವರು. 1898ರ ನವೆಂಬರ್‌ನಲ್ಲಿ ಇದೇ ಸರೋವರದಲ್ಲಿ, ಮರ ಹೇರಿಕೊಂಡು ಬರುತ್ತಿದ್ದ ಎಸ್. ಥಾಲ್ ಎಂಬ ಸಣ್ಣ ಹಡಗಿನೊಂದಿಗೆ ಷಿಕಾಗೋದ ಉತ್ತರಕ್ಕೆ ಮುಳುಗಿ ಹೋಗಿದ್ದರು. ಅಣ್ಣನನ್ನು ನುಂಗಿದ ನೀರು ಎಂಥದು ಎಂದು ತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೋಗುತ್ತಿದ್ದರು, ಏಕೆಂದರೆ ಈ ಸರಕಿಗೆ ಬೆಲೆ ಇರುವುದೇ ನವೆಂಬರ್ ಕೊನೆಯಿಂದ ಹಬ್ಬದವರೆಗೆ. ಸೆಪ್ಟೆಂಬರಿನ ತಿಳಿ ಹವೆಯಲ್ಲಿ ಕ್ರಿಸ್‌ಮಸ್ ಮರ ತಂದರೆ ಕೊಳ್ಳುವವರಿಲ್ಲ. ಎಲ್ಲರೂ ಹಡಗು ದಡಕ್ಕೆ ಕಟ್ಟುವ ಕಾಲದಲ್ಲಿ ಹೊರಡುವುದೇ ಈ ವ್ಯಾಪಾರದ ಕಟ್ಟುಪಾಡು. ಅಪಾಯವನ್ನು ಕ್ಯಾಪ್ಟನ್ ಆರಿಸಿಕೊಂಡರು ಎನ್ನುವುದಕ್ಕಿಂತ ಸರಕೇ ಅವರಿಗಾಗಿ ಆರಿಸಿತ್ತು ಎಂದು ನನಗೆ ಅನ್ನಿಸುತ್ತದೆ.

1912ರ ನವೆಂಬರ್ 22, ಶುಕ್ರವಾರ. ಮಿಷಿಗನ್ ರಾಜ್ಯದ ಮನಿಸ್ಟೀಕ್ ಬಳಿಯ ಥಾಂಪ್ಸನ್ ಎಂಬ ಪುಟ್ಟ ಬಂದರಿನಿಂದ ಹಡಗು ಹೊರಟಿತು. ಒಡಲು ತುಂಬಿದ ಮೇಲೆ ಡೆಕ್ಕಿನ ಮೇಲೂ ಮರಗಳನ್ನು ಒಟ್ಟಿದ್ದರು. ಒಟ್ಟು ಮೂರರಿಂದ ಐದು ಸಾವಿರ ಎಂಬುದು ಅಂದಾಜು. ಹಡಗಿನಲ್ಲಿ ಎಷ್ಟು ಜನರಿದ್ದರು ಎಂಬುದಕ್ಕೂ ಒಂದೇ ಲೆಕ್ಕವಿಲ್ಲ. ಖಲಾಸಿಗಳ ಜೊತೆಗೆ ಹಬ್ಬಕ್ಕೆ ಊರಿಗೆ ಹೊರಟ ಮರ ಕಡಿಯುವವರೂ ಹತ್ತಿದ್ದರು ಎನ್ನುತ್ತಾರೆ. ಹದಿನಾರು, ಹದಿನೇಳು ಎಂಬ ಎಣಿಕೆಗಳು ಸಾಮಾನ್ಯವಾಗಿ ಸಿಗುತ್ತವೆ.

ಮರುದಿನ ಮಧ್ಯಾಹ್ನ 2 ಗಂಟೆ 50 ನಿಮಿಷಕ್ಕೆ ವಿಸ್ಕಾನ್ಸಿನ್ ದಡದ ಕೆವಾನಿ ಊರಿನ ಜೀವರಕ್ಷಣಾ ಠಾಣೆಯವರು ಒಂದು ಸ್ಕೂನರನ್ನು ಕಂಡರು. ಐದಾರು ಮೈಲಿ ದೂರದಲ್ಲಿ, ದಕ್ಷಿಣಕ್ಕೆ ಹೋಗುತ್ತಿದೆ, ಬಾವುಟವನ್ನು ಅರ್ಧಕ್ಕೆ ಇಳಿಸಿದ್ದಾರೆ. ರೇಡಿಯೋ ಇಲ್ಲದ ಹಡಗು ತಾನು ಕಷ್ಟದಲ್ಲಿದ್ದೇನೆ ಎಂದು ಹೇಳುವ ರೀತಿ ಅದು. ಕೆವಾನಿಯ ಠಾಣೆಯಲ್ಲಿ ಮೋಟಾರು ದೋಣಿ ಇರಲಿಲ್ಲ, ಹುಟ್ಟು ಹಾಕುವ ದೋಣಿ ಮಾತ್ರ. ಊರಿನಲ್ಲಿದ್ದ ಮೋಟಾರು ದೋಣಿಯೊಂದನ್ನು ಕೇಳೋಣವೆಂದರೆ ಅದು ಆ ದಿನ ಮೊದಲೇ ಹೊರಟುಹೋಗಿತ್ತು. ಠಾಣಾಧಿಕಾರಿ ನೆಲ್ಸನ್ ಕ್ರೇಟ್, ದಕ್ಷಿಣಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು ದೂರದ ಟೂ ರಿವರ್ಸ್ ಠಾಣೆಗೆ ಫೋನ್ ಮಾಡಿದರು. ಅಲ್ಲಿನವರು ಹತ್ತೇ ನಿಮಿಷಕ್ಕೆ ಮೋಟಾರು ಜೀವರಕ್ಷಕ ದೋಣಿಯನ್ನು ನೀರಿಗಿಳಿಸಿದರು. ಗಂಟೆಗಟ್ಟಲೆ ಹುಡುಕಿದರು. ಹಿಮ ಬೀಳತೊಡಗಿತು, ಕತ್ತಲಾಯಿತು. ಹಡಗು ಸಿಗಲಿಲ್ಲ. ಅದರಲ್ಲಿದ್ದ ಯಾರೊಬ್ಬರೂ ಮತ್ತೆ ದಡ ಕಾಣಲಿಲ್ಲ.

ಹರ್ಮನ್ ಶೂನೆಮನ್ ಹುಟ್ಟಿದ ಅಲ್ಗೋಮಾ ಊರು ಅದೇ ದಡದಲ್ಲಿ, ಕೆವಾನಿಗೆ ಸ್ವಲ್ಪ ಉತ್ತರಕ್ಕಿದೆ. ಆ ದಿನ ಹಡಗು ಆ ಊರನ್ನು ಬಲಕ್ಕೆ ಬಿಟ್ಟುಕೊಂಡೇ ದಕ್ಷಿಣಕ್ಕೆ ಬಂದಿರಬೇಕು.

ದಡ ಅಷ್ಟು ಹತ್ತಿರ ಇದ್ದರೆ ಅಲ್ಲಿಗೇ ತಿರುಗಿಸಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ನೋಡಬೇಕು. ಅಂದು ವಾಯವ್ಯದ ಗಾಳಿ. ವಿಸ್ಕಾನ್ಸಿನ್ ದಡ ಹಡಗಿನ ಪಶ್ಚಿಮಕ್ಕಿದೆ. ಅಂದರೆ ಸುರಕ್ಷಿತ ಜಾಗ ಇರುವ ದಿಕ್ಕಿನಿಂದಲೇ ಗಾಳಿ ಬರುತ್ತಿದೆ. ಹಾಯಿಹಡಗು ಎದುರುಗಾಳಿಗೆ ನೇರವಾಗಿ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ಹಾಗೆ ಹೊರಳುತ್ತಾ ಮುಂದೆ ಸಾಗಬೇಕು. ಅದಕ್ಕೆ ಹಾಯಿಗಳು ಗಟ್ಟಿಯಾಗಿರಬೇಕು, ಹಗ್ಗಗಳು ಓಡಬೇಕು, ಚುಕ್ಕಾಣಿ ಮಾತು ಕೇಳಬೇಕು, ಒಡಲು ಹಗುರವಾಗಿರಬೇಕು. ಹಗ್ಗ ಮಂಜುಗಟ್ಟಿ ಸಲಾಕೆಯಂತಾದಾಗ ಇದು ಯಾವುದೂ ನಡೆಯುವುದಿಲ್ಲ. ಐದು ಮೈಲಿ ಎಂಬ ದೂರ ಆಗ ದೂರವಾಗಿ ಉಳಿಯದೆ ಗೋಡೆಯಾಗುತ್ತದೆ. ಗಾಳಿಯ ಮುಂದೆ ಓಡುವುದೊಂದೇ ಉಳಿದ ದಾರಿ, ಆ ದಾರಿ ಹೋಗುವುದು ಸರೋವರದ ನಡುವಿಗೆ.

ಎರಡನೆಯದು ಅಲೆ. ಸಾಗರದ ಅಲೆಗಳು ಎತ್ತರವಾಗಿದ್ದರೂ ಒಂದರಿಂದ ಇನ್ನೊಂದಕ್ಕೆ ಅಂತರ ಹೆಚ್ಚು. ಹತ್ತು ಹದಿನೈದು ಸೆಕೆಂಡಿಗೊಂದು ಬರುತ್ತವೆ. ಹಡಗು ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುತ್ತದೆ. ಸರೋವರದಲ್ಲಿ ಗಾಳಿಗೆ ಓಡಲು ಅಷ್ಟು ಬಯಲು ಇಲ್ಲ. ಆದ್ದರಿಂದ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಬರುತ್ತವೆ. ಐದು ಸೆಕೆಂಡಿಗೊಮ್ಮೆ ಬರುವ ಅಲೆಯನ್ನು ತೆಗೆದುಕೊಳ್ಳಿ. ಆಳದ ನೀರಿನಲ್ಲಿ ಅಂಥ ಅಲೆಯ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಸುಮಾರು 39 ಮೀಟರ್. ರೌಸ್ ಸಿಮ್ಮನ್ಸ್‌ನ ಉದ್ದವನ್ನು ಮೀಟರಿಗೆ ತಿರುಗಿಸಿದರೆ 37.6. ಈ ಲೆಕ್ಕ ಮಾಡಿದ ಮೇಲೆ ನಾನು ಸ್ವಲ್ಪ ಹೊತ್ತು ಆ ಎರಡು ಅಂಕಿಗಳನ್ನೇ ನೋಡುತ್ತಾ ಕೂತೆ. ಅಲೆಯ ಉದ್ದವೂ ಹಡಗಿನ ಉದ್ದವೂ ಹೆಚ್ಚುಕಡಿಮೆ ಒಂದೇ. ಒಮ್ಮೆ ನೆತ್ತಿ ಹಡಗಿನ ನಡುವಿಗೆ ಬರುತ್ತದೆ, ಆಗ ಎರಡೂ ತುದಿ ಜೋತು ಬೀಳುತ್ತವೆ. ಮರುಕ್ಷಣ ಎರಡು ನೆತ್ತಿಗಳು ಎರಡು ತುದಿಯನ್ನು ಎತ್ತಿಹಿಡಿಯುತ್ತವೆ, ಆಗ ನಡು ಕುಸಿಯುತ್ತದೆ. ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಬಗ್ಗಿಸಿದ ಹಾಗೆ, ಅಲೆ ಅಲೆಗೂ, ಗಂಟೆಗೆ 720 ಸಲ.

ಹಸಿ ಹುಮ್ಮಸ್ಸಿನ ಹೊಸ ಒಡಲು ಇದನ್ನು ತಡೆದುಕೊಳ್ಳಬಹುದು. ಮರದ ಹಡಗೆಂದರೆ ಒಂದೇ ಇಡೀ ವಸ್ತುವಲ್ಲ; ಸಾವಿರಾರು ಹಲಗೆ, ಗೂಟ, ಮೊಳೆಗಳ ಒಂದು ಜೋಡಣೆ. ಹಲಗೆ ಹಲಗೆಗಳ ನಡುವಿನ ಸಂದಿಗೆ ಕೀಲೆಣ್ಣೆ ಹಚ್ಚಿದ ಸೆಣಬಿನ ನಾರನ್ನು ಉಳಿಯಿಂದ ಹೊಡೆದು ತುಂಬಿ, ಮೇಲೆ ರಾಳ ಬಳಿದಿರುತ್ತಾರೆ. ಒಡಲು ಬಾಗಿದಾಗಲೆಲ್ಲ ಹಲಗೆಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಜರುಗುತ್ತವೆ, ನಾರು ಸಡಿಲಗೊಂಡು ಹೊರಬರುತ್ತದೆ, ನೀರು ಜಿನುಗುತ್ತದೆ. 44 ವರ್ಷ ದಿಮ್ಮಿ ಹೊತ್ತ ಒಡಲಿನಲ್ಲಿ ಜಿನುಗುವುದು ನಿತ್ಯದ ಸಂಗತಿ. ಪಂಪು ಹೊಡೆಯುವುದು ನಿತ್ಯದ ಕೆಲಸ. ಪಂಪಿನ ವೇಗಕ್ಕಿಂತ ಜಿನುಗುವಿಕೆ ಹೆಚ್ಚಾದ ಗಳಿಗೆಯಿಂದ ಹಡಗಿನ ಆಯುಸ್ಸನ್ನು ಗಂಟೆಯಲ್ಲಿ ಎಣಿಸಬೇಕಾಗುತ್ತದೆ.

ಮೂರನೆಯದು ಮಂಜುಗಡ್ಡೆ. ನನ್ನ ಮಟ್ಟಿಗೆ ಈ ದುರಂತದ ತಿರುಳು ಇಲ್ಲಿದೆ. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್ ಬೇಕು. ಸಿಹಿನೀರಿಗೆ ಸೊನ್ನೆ ಸಾಕು. ಗಾಳಿ ಸೊನ್ನೆಗಿಂತ ಕೆಳಗಿಳಿದಿದ್ದರೆ ಅಲೆಯಿಂದ ಸಿಡಿದ ಪ್ರತಿ ಹನಿಯೂ ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ಹಗ್ಗದ ಮೇಲೆ, ಹಾಯಿಯ ಮೇಲೆ, ಕಟಾಂಜನದ ಮೇಲೆ. ಈಗ ಡೆಕ್ಕಿನ ಮೇಲೆ ಒಟ್ಟಿದ ಮರಗಳನ್ನು ನೆನೆಯಿರಿ. ಒಂದೊಂದು ಮರಕ್ಕೂ ಲೆಕ್ಕವಿಲ್ಲದಷ್ಟು ಸೂಜಿಯೆಲೆ. ಒಂದೊಂದು ಎಲೆಯೂ ಹನಿ ಹಿಡಿಯುವ ಕೈ. ಮಂಜು ಕೂರುವುದಕ್ಕೆ ಇದಕ್ಕಿಂತ ದೊಡ್ಡ ಜಾಗವನ್ನು ಯಾರಾದರೂ ಬೇಕೆಂದೇ ಮಾಡಿಡಲಾರರು. ಹೇರುವಾಗ ಆ ಮರಗಳು ಹಗುರವಾಗಿದ್ದವು. ಹೇರಿದವರು ಆ ಹಗುರವನ್ನು ನಂಬಿಯೇ ಅಷ್ಟು ಎತ್ತರಕ್ಕೆ ಒಟ್ಟಿರಬೇಕು. ದಾರಿಯಲ್ಲಿ ಅವು ಭಾರವಾದವು.

ಭಾರ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ನೋಡಿದವರಿಗೆ ಇದು ಗೊತ್ತು. ಅದೇ ತೂಕದ ಜೋಳದ ಚೀಲ ಹೇರಿದ ಗಾಡಿ ಹಳ್ಳಕ್ಕೆ ಗಾಲಿ ಇಳಿದರೂ ಎದ್ದು ಬರುತ್ತದೆ. ಹುಲ್ಲಿನ ಗಾಡಿ ಒಂದು ಗೇಣು ವಾಲಿದರೆ ಸಾಕು, ಎತ್ತುಗಳ ನೊಗ ಬಿಚ್ಚುವಷ್ಟರಲ್ಲಿ ಪಲ್ಟಿ. ಹಡಗೂ ಹಾಗೆಯೇ. ಭಾರದ ಕೇಂದ್ರ ಕೆಳಗಿದ್ದಷ್ಟೂ ಅಲೆ ವಾಲಿಸಿದಾಗ ಅದು ಎದ್ದು ನಿಲ್ಲುತ್ತದೆ. ಮೇಲೆ ಮಂಜು ಕೂರುತ್ತಾ ಹೋದಂತೆ ಎದ್ದು ನಿಲ್ಲುವ ಶಕ್ತಿ ಕುಂದುತ್ತದೆ. ಜೊತೆಗೆ ಇಡೀ ಹಡಗು ನೀರಿನಲ್ಲಿ ಕೆಳಗಿಳಿಯುತ್ತದೆ. ಕೆಳಗಿಳಿದಷ್ಟೂ ಅಲೆಗಳು ಸುಲಭವಾಗಿ ಡೆಕ್ಕಿನ ಮೇಲೆ ಹಾಯುತ್ತವೆ. ಹಾಯ್ದಷ್ಟೂ ಮಂಜು ಹೆಚ್ಚುತ್ತದೆ. ಸಿಡಿಹನಿ ಹೆಚ್ಚು ಬೀಳುವುದು ಹಡಗಿನ ಮುಂಭಾಗಕ್ಕೆ, ಆದ್ದರಿಂದ ಮೂತಿ ಮೊದಲು ತಗ್ಗುತ್ತದೆ. ಮೂತಿ ತಗ್ಗಿದ ಮೇಲೆ ಒಳಗೆ ಜಿನುಗಿದ ನೀರೂ ಆ ಕಡೆಗೇ ಹರಿದು ಸೇರುತ್ತದೆ. ನೀರು ತುಂಬಿದ ಅಗಲವಾದ ಪರಾತವನ್ನು ಎರಡೂ ಕೈಯಲ್ಲಿ ಎತ್ತಿ ನಡೆದು ನೋಡಿ: ಒಂದು ಕಡೆ ಸ್ವಲ್ಪ ತಗ್ಗಿದರೆ ನೀರೆಲ್ಲ ಅಲ್ಲಿಗೇ ನುಗ್ಗಿ ಇನ್ನಷ್ಟು ತಗ್ಗಿಸುತ್ತದೆ. ಇದರಲ್ಲಿ ಯಾವುದೂ ಒಂಟಿಯಾಗಿ ಹಡಗನ್ನು ಮುಳುಗಿಸಬೇಕಾಗಿಲ್ಲ. ಒಂದು ಇನ್ನೊಂದಕ್ಕೆ ಹೆಗಲು ಕೊಡುತ್ತದೆ.

ನವೆಂಬರ್ ತಿಂಗಳೇ ಏಕೆ ಇಷ್ಟು ಕೆಟ್ಟದ್ದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬೇಸಿಗೆಯ ಬಿಸಿಲನ್ನು ಕುಡಿದ ಸರೋವರ ಬೇಗ ತಣ್ಣಗಾಗುವುದಿಲ್ಲ. ಉತ್ತರ ಧ್ರುವದ ಕಡೆಯ ಗಾಳಿ ಮಾತ್ರ ಆ ಹೊತ್ತಿಗೆ ಹರಿತವಾಗಿ ತಣ್ಣಗಾಗಿರುತ್ತದೆ. ಬೆಚ್ಚನೆಯ ನೀರಿನ ಮೇಲೆ ಆ ಗಾಳಿ ಬಂದಾಗ ಕೆಳಗಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ರಭಸದ ಗಾಳಿ ಕೆಳಕ್ಕೆ ಧುಮುಕುತ್ತದೆ. ಸರೋವರವೇ ಬಿರುಗಾಳಿಗೆ ಸೌದೆ ಒದಗಿಸಿದಂತೆ. ಮರುವರ್ಷ, 1913ರ ನವೆಂಬರಿನಲ್ಲಿ ಬಂದ ಬಿರುಗಾಳಿ ಈ ಸರೋವರಗಳಲ್ಲಿ 250ಕ್ಕೂ ಹೆಚ್ಚು ಜನರನ್ನು ಕೊಂದಿತು; ಆಗ ಮುಳುಗಿದವುಗಳಲ್ಲಿ ಉಕ್ಕಿನ ದೊಡ್ಡ ಹಡಗುಗಳೇ ಇದ್ದವು. 1975ರ ನವೆಂಬರ್ 10ರಂದು 729 ಅಡಿ ಉದ್ದದ ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಸುಪೀರಿಯರ್ ಸರೋವರದಲ್ಲಿ 29 ಜನರೊಂದಿಗೆ ಹೋಯಿತು. ಹಳೆಯ ಮರದ ಹಡಗಾದ್ದರಿಂದ ಮಾತ್ರ ಮುಳುಗಿತು ಎಂದು ರೌಸ್ ಸಿಮ್ಮನ್ಸ್ ಬಗ್ಗೆ ಹೇಳಿ ಮುಗಿಸುವವರು ಇದನ್ನು ನೆನಪಿಡಬೇಕು.

ಹಡಗು ಕಾಣೆಯಾದ ಮೇಲೆ ಕತೆಗಳು ಬೆಳೆದವು. ಹೊರಡುವ ಮೊದಲು ಇಲಿಗಳು ಹಡಗು ಬಿಟ್ಟು ಹೋದವಂತೆ, ಅದನ್ನು ಕಂಡು ಕೆಲವರು ಹತ್ತಲಿಲ್ಲವಂತೆ. ಸಾಕ್ಷಿ ಇಲ್ಲದ ಕಡೆ ಇಂಥವು ಹುಟ್ಟುವುದು ಸಹಜ. ಆದರೆ ಈ ಹಡಗಿನ ವಿಷಯದಲ್ಲಿ ಸಾಕ್ಷಿ ಒಂದೊಂದಾಗಿ ಮೇಲೆ ಬಂತು. 1924ರಲ್ಲಿ ಟೂ ರಿವರ್ಸ್ ಬಳಿ ಮೀನುಗಾರರ ಬಲೆಗೆ ಒಂದು ಪುಟ್ಟ ಗಂಟು ಸಿಕ್ಕಿತು. ನೀರು ಹೋಗದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಕೈಚೀಲ. ಬಿಚ್ಚಿ ನೋಡಿದರೆ ಹರ್ಮನ್ ಶೂನೆಮನ್ ಅವರ ಪಾಕೀಟು, ಒಳಗಿನ ಕಾಗದಗಳು ಇನ್ನೂ ಓದುವಂತಿದ್ದವು. ಹನ್ನೆರಡು ವರ್ಷ ಅದು ನೀರಿನ ತಳದಲ್ಲಿತ್ತು. ಅಷ್ಟು ಹೊತ್ತಿಗೆ ಅವರ ಹೆಂಡತಿ ಬಾರ್ಬರಾ ಮತ್ತು ಮೂವರು ಹೆಣ್ಣುಮಕ್ಕಳು ಷಿಕಾಗೋದಲ್ಲಿ ಅದೇ ಮರದ ವ್ಯಾಪಾರವನ್ನು ವರ್ಷ ವರ್ಷವೂ ನಡೆಸಿಕೊಂಡು ಬಂದಿದ್ದರು.

ಆಮೇಲೆ 1971ರ ಶೋಧ. 1999ರಲ್ಲಿ ಹಡಗಿನ ಚುಕ್ಕಾಣಿ ಚಕ್ರ ಸಿಕ್ಕಿತು, ಆದರೆ ಹಡಗಿನ ಬಳಿ ಅಲ್ಲ. ಅದರಿಂದ ಸುಮಾರು ಒಂದೂವರೆ ಮೈಲಿ ಉತ್ತರಕ್ಕೆ. ಈ ದೂರ ಬಹಳ ಮಾತಾಡುತ್ತದೆ. ಹಡಗು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿತ್ತು. ಹಾಗಾದರೆ ಮುಳುಗುವುದಕ್ಕೆ ಒಂದೂವರೆ ಮೈಲಿ ಮೊದಲೇ ಚಕ್ರ ಕಿತ್ತುಹೋಗಿತ್ತು. ಚಕ್ರಕ್ಕೆ ಆದ ಪೆಟ್ಟನ್ನು ನೋಡಿದವರ ಊಹೆ ಇದು: ಹಿಂದಿನ ಹಾಯಿಯ ಕೆಳಗಿನ ಅಡ್ಡತೊಲೆ ಬಿರುಗಾಳಿಯಲ್ಲಿ ಕಟ್ಟು ಕಳಚಿಕೊಂಡು ಬೀಸಿ ಬಂದು ಚಕ್ರವನ್ನು ಬಡಿದು ಎತ್ತಿಕೊಂಡು ಹೋಯಿತು. ಅಲ್ಲಿಂದ ಮುಂದೆ ಹಡಗು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಚಕ್ರದ ಹತ್ತಿರ ಆ ಹೊತ್ತಿನಲ್ಲಿ ಒಬ್ಬರು ನಿಂತಿರಲೇಬೇಕಿತ್ತು ಎಂಬುದನ್ನು ಓದುಗರು ಮರೆಯಬಾರದು.

2006ರಲ್ಲಿ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ನೀರಡಿ ಪುರಾತತ್ವ ತಜ್ಞರು ಇಡೀ ಹಡಗನ್ನು ಅಳೆದು ನಕ್ಷೆ ಮಾಡಿದರು. ಲಂಗರಿನ ಸರಪಳಿ, ಹಾಯಿಕಂಬಗಳು, ತೊಲೆಗಳು ಎಲ್ಲವೂ ಮುಂದಕ್ಕೆ ಬಿದ್ದಿದ್ದವು. ಹಡಗು ಮಗುಚಿದ್ದರೆ ಅವು ಪಕ್ಕಕ್ಕೆ ಚೆಲ್ಲಬೇಕಿತ್ತು. ಮುಂದಕ್ಕೆ ಚೆಲ್ಲಿವೆ ಎಂದರೆ ಭಾರವೆಲ್ಲ ಮೂತಿಯಲ್ಲಿದ್ದು, ಮೂತಿಯೇ ಮೊದಲಾಗಿ ನೀರೊಳಗೆ ಧುಮುಕಿದೆ ಎಂದು ಅರ್ಥ. ಮೇಲೆ ಹೇಳಿದ ಮಂಜು, ಸಿಡಿಹನಿ, ಒಳಗಿನ ನೀರಿನ ಲೆಕ್ಕದೊಂದಿಗೆ ಇದು ಹೊಂದಿಕೊಳ್ಳುತ್ತದೆ. ನ್ಯಾಯಾಲಯದಲ್ಲಿ ಹೇಳಿಕೆ ಕೊಡಲು ಯಾರೂ ಉಳಿಯದ ಕಡೆ ಸರಪಳಿಯೊಂದು ಬಿದ್ದ ರೀತಿಯೇ ಹೇಳಿಕೆಯಾಯಿತು.

ಸರಪಳಿ ಬಿದ್ದಲ್ಲಿಯೇ 94 ವರ್ಷ ಇದ್ದದ್ದು ಹೇಗೆ? ನಮ್ಮ ಕರಾವಳಿಯಲ್ಲಿ ಮರದ ದೋಣಿ ಇಟ್ಟುಕೊಂಡವರನ್ನು ಕೇಳಿದರೆ ಮೊದಲ ಶತ್ರುವಿನ ಹೆಸರು ಹೇಳುತ್ತಾರೆ: ಮರ ಕೊರೆಯುವ ಹುಳು. ನೋಡಲು ಹುಳುವಿನಂತಿದ್ದರೂ ಅದು ಚಿಪ್ಪುಜೀವಿಯ ಬಳಗದ್ದು, ಮರವನ್ನು ಒಳಗಿನಿಂದ ತಿಂದು ಜರಡಿ ಮಾಡುತ್ತದೆ. ಅದಕ್ಕೆಂದೇ ದೋಣಿಯ ಅಡಿಗೆ ಗೇರುಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇತ್ತು. ಬೆಚ್ಚನೆಯ ಸಮುದ್ರದಲ್ಲಿ ಮುಳುಗಿದ ಮರದ ಹಡಗು ಕೆಲವೇ ದಶಕಗಳಲ್ಲಿ ಇದರ ಹೊಟ್ಟೆ ಸೇರುತ್ತದೆ. ಈ ಜೀವಿಗೆ ಉಪ್ಪು ಬೇಕು. ಮಿಷಿಗನ್ ಸರೋವರದ ಸಿಹಿನೀರಿನಲ್ಲಿ ಅದು ಬದುಕಲಾರದು.

ಜೊತೆಗೆ ಚಳಿ. ನೀರು ಅತಿ ಸಾಂದ್ರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗಿ ಮೇಲೇಳುತ್ತದೆ. ಆದ್ದರಿಂದ ಆಳದ ಸರೋವರದ ತಳದಲ್ಲಿ ಬೇಸಿಗೆಯಾಗಲಿ ಚಳಿಗಾಲವಾಗಲಿ ನಾಲ್ಕು ಡಿಗ್ರಿಯ ಆಸುಪಾಸಿನ ನೀರೇ ಕೂತಿರುತ್ತದೆ. ನಮ್ಮ ಅಡುಗೆಮನೆಯ ಫ್ರಿಜ್ ಕೂಡ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿ ಆಮೆಯ ವೇಗದಲ್ಲಿ ಕೆಲಸ ಮಾಡುತ್ತವೆ. ಬೆಳಕಿಲ್ಲ, ಅಲೆಯ ಎಳೆದಾಟ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ. ಒಡಲಿನಲ್ಲಿ ಒತ್ತಿ ತುಂಬಿದ ಮರಗಳ ನಡುವೆ ನೀರೂ ಓಡಾಡುವುದು ಕಡಿಮೆ, ಆಮ್ಲಜನಕವೂ ಕಡಿಮೆ. ಸೂಜಿಯೆಲೆ ಉದುರದೆ ನಿಂತದ್ದು ಹೀಗೆ. ಬೆಲ್‌ರಿಚರ್ಡ್ ಮೇಲೆ ತಂದ ಮರಗಳಲ್ಲಿ ಒಂದನ್ನು ಮಿಲ್ವಾಕಿಯಲ್ಲಿ ಜನ ನೋಡಲೆಂದು ಇಟ್ಟಿದ್ದರು.

ಇಷ್ಟು ಚೆನ್ನಾಗಿ ಉಳಿದಿದ್ದರೆ ಹಡಗನ್ನೇ ಮೇಲೆತ್ತಬಾರದೇ ಎಂದು ಕೇಳುವವರಿದ್ದಾರೆ. ಎತ್ತಿ ನೋಡಿದ ಉದಾಹರಣೆ ಇದೆ, ಅದೂ ಇದೇ ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ. 1864ರಲ್ಲಿ ಮುಳುಗಿದ ಆಲ್ವಿನ್ ಕ್ಲಾರ್ಕ್ ಎಂಬ ಸ್ಕೂನರನ್ನು ಫ್ರಾಂಕ್ ಹಾಫ್‌ಮನ್ ಎಂಬ ಮುಳುಗುಗಾರರು ಮತ್ತು ಅವರ ಜೊತೆಗಾರರು 1969ರಲ್ಲಿ ಇಡಿಯಾಗಿ ಮೇಲೆ ತಂದರು. ನೂರು ವರ್ಷ ಮೀರಿದ ಹಡಗು ಮತ್ತೆ ತೇಲಿತು. ಎಲ್ಲರೂ ಸಂತೋಷಪಟ್ಟರು. ಆದರೆ ಶತಮಾನ ಕಾಲ ನೀರು ಕುಡಿದ ಮರದ ಒಳಗಿನ ಕೋಶಗಳು ನೀರಿನ ಬಲದಿಂದಲೇ ನಿಂತಿರುತ್ತವೆ. ಒಣಗಿದರೆ ಕೋಶಗಳು ಕುಸಿಯುತ್ತವೆ, ಮರ ಸೀಳುತ್ತದೆ. ಗಾಳಿ ಸಿಕ್ಕಿದ ಕೂಡಲೆ ಬೂಷ್ಟು ಹಿಡಿಯುತ್ತದೆ. ಸ್ವೀಡನ್ನಿನಲ್ಲಿ 1961ರಲ್ಲಿ ಎತ್ತಿದ ವಾಸಾ ಹಡಗಿಗೆ ನೀರಿನ ಜಾಗದಲ್ಲಿ ಮೇಣದಂಥ ರಾಸಾಯನಿಕವನ್ನು ಇಳಿಸಲು 17 ವರ್ಷ ಬಿಡದೆ ಸಿಂಪಡಿಸಿದರು, ಅದಕ್ಕೆ ಒಂದು ದೇಶದ ಸರ್ಕಾರ ಬೆನ್ನಿಗಿತ್ತು. ಆಲ್ವಿನ್ ಕ್ಲಾರ್ಕ್ ಹಿಂದೆ ಅಷ್ಟು ಹಣ ಇರಲಿಲ್ಲ. ದಡದಲ್ಲಿ ನಿಂತು ಕಣ್ಣೆದುರೇ ಕೊಳೆಯಿತು. 1994ರಲ್ಲಿ ಅದರ ಅವಶೇಷವನ್ನು ಯಂತ್ರ ಹಚ್ಚಿ ಒಡೆದು ತೆಗೆದರು. ನೀರಿನಡಿ ನೂರೈದು ವರ್ಷ ಉಳಿದದ್ದು ನೀರಿನ ಮೇಲೆ ಇಪ್ಪತ್ತೈದು ವರ್ಷ ಬಾಳಲಿಲ್ಲ. ಈ ಪ್ರಸಂಗವನ್ನು ಓದಿ ನನಗೆ ಬಂದ ಸಂಕಟ ರೌಸ್ ಸಿಮ್ಮನ್ಸ್ ಮುಳುಗಿದ್ದನ್ನು ಓದಿದಾಗಿನದಕ್ಕಿಂತ ಕಡಿಮೆಯೇನಲ್ಲ, ಏಕೆಂದರೆ ಇಲ್ಲಿ ಬಿರುಗಾಳಿ ಇರಲಿಲ್ಲ.

ಆದ್ದರಿಂದ ಈಗ ಇಂಥ ಹಡಗುಗಳನ್ನು ಇದ್ದಲ್ಲೇ ಬಿಡುತ್ತಾರೆ. ರೌಸ್ ಸಿಮ್ಮನ್ಸ್ 2007ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2021ರಲ್ಲಿ ಅದು ಇರುವ ದಡದ ಉದ್ದಕ್ಕೂ 962 ಚದರ ಮೈಲಿ ನೀರನ್ನು ರಕ್ಷಿತ ವಲಯ ಎಂದು ಘೋಷಿಸಿದರು.

ಕಾನೂನು ಮುಳುಗುಗಾರರನ್ನು ತಡೆಯಬಲ್ಲದು. ಕ್ವಾಗಾ ಎಂಬ ಚಿಪ್ಪುಜೀವಿಯನ್ನು ತಡೆಯಲಾರದು. ಬೆರಳ ತುದಿಯಷ್ಟು ದೊಡ್ಡ ಈ ಜೀವಿಯ ತವರು ಉಕ್ರೇನಿನ ನದಿಗಳು. ಸಾಗರದಾಚೆಯಿಂದ ಬರುವ ಹಡಗುಗಳು ಸಮತೋಲಕ್ಕೆಂದು ಒಡಲಿನಲ್ಲಿ ತುಂಬಿಕೊಂಡು ಬಂದು ಇಲ್ಲಿ ಚೆಲ್ಲಿದ ನೀರಿನೊಂದಿಗೆ ಇದು ಬಂತು. 1990ರ ದಶಕದ ಕೊನೆಗೆ ಮಿಷಿಗನ್ ಸರೋವರಕ್ಕೆ ಕಾಲಿಟ್ಟು, ಈಗ ಆಳದ ತಳವನ್ನೂ ಹಾಸಿಬಿಟ್ಟಿದೆ. ಅದಕ್ಕೆ ಉಪ್ಪು ಬೇಡ, ಬೆಳಕು ಬೇಡ, ನಾಲ್ಕು ಡಿಗ್ರಿಯ ಚಳಿಗೂ ಹೆದರುವುದಿಲ್ಲ. ಹಡಗನ್ನು ಇಷ್ಟು ಕಾಲ ಕಾದ ಯಾವ ಗುಣವೂ ಇದರ ಮುಂದೆ ಕೆಲಸಕ್ಕೆ ಬಾರದು. ಗಟ್ಟಿಯಾದ ಯಾವುದು ಸಿಕ್ಕರೂ ದಾರದಂಥ ಎಳೆಗಳಿಂದ ಕಚ್ಚಿ ಹಿಡಿಯುತ್ತದೆ. ಒಂದರ ಮೇಲೊಂದು ಕೂತು ಭಾರ ಹೇರುತ್ತದೆ. ಅವುಗಳ ಅಡಿಯಲ್ಲಿ ಕಬ್ಬಿಣದ ಮೊಳೆಗಳು ಬೇಗ ಸವೆಯುತ್ತವೆ. ಮೊಳೆ ಹೋದರೆ ಹಲಗೆಗಳನ್ನು ಹಿಡಿದಿಡುವುದು ಏನೂ ಇಲ್ಲ.

ಚಿಪ್ಪುಗಳನ್ನು ಕಿತ್ತು ತೆಗೆಯಬಹುದಲ್ಲ ಎಂದರೆ, ಆ ಎಳೆಗಳು ಮೆತ್ತಗಾದ ಮರವನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತವೆ ಎಂದರೆ ಕೀಳುವಾಗ ಮರದ ಮೇಲ್ಪದರವೂ ಜೊತೆಗೇ ಎದ್ದು ಬರುತ್ತದೆ. ಹಾಗಾಗಿ ಇಂಥ ಹಡಗುಗಳ ಬಳಿಗೆ ಇಳಿಯುವ ಪುರಾತತ್ವದವರು ಮುಟ್ಟದೆ, ಚಿಪ್ಪಿನ ಮೇಲಿಂದಲೇ ಫೋಟೋ ತೆಗೆದು, ಅಳತೆ ಬರೆದುಕೊಂಡು ಮೇಲೆ ಬರುತ್ತಾರೆ.